ತೂತು ಬಕೆಟ್ಟಿನ ಕರಿಬೇವು

ಮೊನ್ನೆ ನನ್ನ ಮೊಮ್ಮಗಳು ಅರಸೀಕೆರೆಯ ಅಂಗಡಿಯಿಂದ ಇಟ್ಟಿಗೆಯಂಥದೊಂದು ಕಂದು ಗಟ್ಟಿ ತಂದು, ಬಾಂಡಲಿಯಲ್ಲಿ ಇಟ್ಟು ನೀರು ಹೊಯ್ದಳು. ನೋಡ್ತಾ ನೋಡ್ತಾ ಅದು ಉಬ್ಬಿತು, ಬಿರಿಯಿತು, ಬಾಂಡಲಿ ತುಂಬ ಪುಡಿಯಾಗಿ ಹರಡಿಕೊಂಡಿತು. ವಾಸನೆ ಮೂಗಿಗೆ ಬಂದ ಮೇಲೆ ನನಗೆ ಗೊತ್ತಾಯಿತು, ತೆಂಗಿನ ನಾರು. ಸುತ್ತ ತೆಂಗಿನ ತೋಟ ಇಟ್ಟುಕೊಂಡ ಊರಲ್ಲಿ ಹುಟ್ಟಿದವಳು ನಾರನ್ನು ಅಂಗಡಿಯಿಂದ ತರುತ್ತಾಳೆ ಅಂದರೆ ನಗಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅವಳು ಗಂಡನ ಜೊತೆ ಹೊಸದಾಗಿ ಬಾಡಿಗೆ ಮನೆ ಹಿಡಿದಿದ್ದಾಳೆ, ಅಲ್ಲಿ ಕುಂಡದಲ್ಲಿ ಗಿಡ ಹಾಕುತ್ತಾಳಂತೆ. ನಮ್ಮ ಹಿತ್ತಲಿನ ಕರಿಬೇವಿನ ಬುಡದಲ್ಲಿ ಎದ್ದಿರುವ ಮರಿಗಳಲ್ಲಿ ಒಂದನ್ನು ಕೊಡಿ ಅಜ್ಜಿ ಅಂತ ಕೇಳಿದಳು. ನೆನೆದ ನಾರಿನ ಆ ವಾಸನೆಗೆ ಇನ್ನು ಒಂದಿಷ್ಟು ತುಕ್ಕಿನ ವಾಸನೆ, ಒಂದಿಷ್ಟು ಹುಳಿ ಮಜ್ಜಿಗೆಯ ವಾಸನೆ ಸೇರಿದರೆ ಹಳೇಬೀಡಿನ ನಮ್ಮ ಹಿತ್ತಲು ಎದ್ದು ಬರುತ್ತದೆ. ಆ ಹಿತ್ತಲೂ ಈಗಿಲ್ಲ, ಅದರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂರುತ್ತಿದ್ದ ನಮ್ಮವ್ವನೂ ಇಲ್ಲ. ನಿಮ್ಮ ಕಡೆಯೂ ಯಾರೋ ಒಬ್ಬರು ಹಾಗೆ ಕೂತಿದ್ದವರು ಇದ್ದೇ ಇರುತ್ತಾರೆ, ಹಾಗಾಗಿ ಹೇಳುತ್ತೇನೆ.

ನಮ್ಮಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮೇಷ್ಟ್ರು ಅಂದರೆ ವರ್ಗ. ಬೇಲೂರಲ್ಲಿ ಇದ್ದೆವು, ಅಲ್ಲಿಂದ ಹಳೇಬೀಡಿಗೆ ಬಂದೆವು, ಆಮೇಲೆ ಅರಸೀಕೆರೆ. ಎಲ್ಲಾ ಕಡೆ ಬಾಡಿಗೆ ಮನೆ. ಅವ್ವ ಬಾಣಾವರದ ಹತ್ತಿರದ ಹಳ್ಳಿಯ ಬೇಸಾಯಗಾರರ ಮನೆ ಹೆಣ್ಣು, ಮಣ್ಣು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಬೇಲೂರಿನ ಮನೆಯ ಹಿತ್ತಲಲ್ಲಿ ಒಂದು ನಿಂಬೆ ಗಿಡ ನೆಲಕ್ಕೆ ಹಾಕಿದಳಂತೆ. ದಿನಾ ಪಾತ್ರೆ ತೊಳೆದ ನೀರು ಹಾಕಿ, ದನದ ಗೊಬ್ಬರ ಕೊಟ್ಟು ಸಾಕಿದಳಂತೆ. ಅದು ಮೊದಲ ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ಅಪ್ಪನಿಗೆ ವರ್ಗ ಬಂತು. ಹೊರಡುವ ದಿನ ಅವ್ವ ಉಪ್ಪಿನಕಾಯಿಗೆ ಅಂತ ಒಂದು ಮಡಿಲು ಕಾಯಿ ಕೀಳಲು ಹೋದರೆ ಮನೆ ಯಜಮಾನ ಅಡ್ಡ ನಿಂತನಂತೆ. ನೆಲಕ್ಕೆ ಬೇರು ಬಿಟ್ಟದ್ದು ನೆಲದವರದು ಅಂದನಂತೆ. ಅವನು ಹೇಳಿದ್ದು ಸುಳ್ಳೂ ಅಲ್ಲ, ಎಲ್ಲಾ ಕಡೆ ಅದೇ ರಿವಾಜು. ಅವ್ವ ಜಗಳ ಆಡಲಿಲ್ಲ. ಅಂದಿನಿಂದ ಬಾಡಿಗೆ ಮನೆಯ ನೆಲಕ್ಕೆ ಒಂದು ಸೊಪ್ಪಿನ ಬೀಜವನ್ನೂ ಹಾಕಲಿಲ್ಲ.

ಹಾಗಂತ ಗಿಡ ಬಿಟ್ಟಳೇ, ಇಲ್ಲ. ಮನೆಯಲ್ಲಿ ಒಡೆದದ್ದು, ಸೀಳಿದ್ದು, ಸೋರುವುದು ಏನಿದ್ದರೂ ಅದರೊಳಗೆ ಒಂದು ಗಿಡ ಎದ್ದಿರುತ್ತಿತ್ತು. ಸೀಮೆಎಣ್ಣೆ ಡಬ್ಬದ ಬಾಯಿ ಕತ್ತರಿಸಿ, ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಬೆಂಕಿಯಲ್ಲಿ ಒಂದು ಸಲ ಸುಟ್ಟು ಎಣ್ಣೆ ವಾಸನೆ ಕಳೆದು ಮಣ್ಣು ತುಂಬುತ್ತಿದ್ದಳು. ತಳಕ್ಕೆ ಮೊದಲು ತೆಂಗಿನ ಮಟ್ಟೆ, ನಾರಿನ ಮೈ ಮೇಲೆ ಬರುವ ಹಾಗೆ. ನೀರು ಕುಡಿದು ಇಟ್ಟುಕೊಳ್ಳುತ್ತೆ, ಒಂದು ದಿನ ಮರೆತರೂ ಗಿಡ ಸಾಯೋದಿಲ್ಲ ಅನ್ನುತ್ತಿದ್ದಳು. ಬಿರುಕು ಬಿಟ್ಟ ಉಪ್ಪಿನ ಜಾಡಿಯಲ್ಲಿ ಮಾತ್ರ ಏನೂ ಹಾಕುತ್ತಿರಲಿಲ್ಲ, ಉಪ್ಪು ಕುಡಿದ ಜಾಡಿ ಎಷ್ಟು ತೊಳೆದರೂ ಬೇರು ಸುಡುತ್ತದೆ. ಬಾಯಿ ಒಡೆದ ಮಣ್ಣಿನ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ಸಿಕ್ಕಿಸಿ, ಗಿಡದ ಬುಡದಲ್ಲಿ ಹೂತು ನೀರು ತುಂಬಿ ಊರಿಗೆ ಹೋದರೆ ಬರುವವರೆಗೂ ಅದು ತೊಟ್ಟು ತೊಟ್ಟಾಗಿ ಕುಡಿಸುತ್ತಿತ್ತು. ಅಪ್ಪನ ಹರಿದ ಕೊಡೆಯ ಕಡ್ಡಿಗಳು ತೊಂಡೆ ಬಳ್ಳಿಗೆ ಚಪ್ಪರ. ಸ್ಕೂಲಿನಲ್ಲಿ ಹುಡುಗರು ಒಡೆದ ಸ್ಲೇಟುಗಳು ಬರುತ್ತಿದ್ದವು, ಅವನ್ನು ಡಬ್ಬಗಳ ಮೇಲೆ ಹಾಸಿ ಬಿಸಿಲಿಗೆ ಮಣ್ಣು ಒಣಗದ ಹಾಗೆ ಮಾಡುತ್ತಿದ್ದಳು. ಲಾಟೀನಿನ ಬಾಯಿ ಮುರಿದ ಗಾಜನ್ನು ಎಳೆ ಸಸಿಯ ಮೇಲೆ ಬೋರಲು ಹಾಕಿದರೆ ಕೋಳಿ ಕೆದಕುವ ಹಾಗಿಲ್ಲ, ಗಾಳಿ ಆಡುವುದಕ್ಕೆ ಮೇಲೆ ಬಾಯಿ ಇದ್ದೇ ಇತ್ತು. ರಾಗಿ ತೊಳೆದ ನೀರು, ಅಕ್ಕಿ ತೊಳೆದ ನೀರು, ಒಲೆ ಬೂದಿ, ಯಾವುದೂ ಚೆಲ್ಲುವಂತಿಲ್ಲ. ಬೂದಿಯನ್ನು ಬೆಳಗಿನ ಇಬ್ಬನಿ ಆರುವ ಮುಂಚೆ ಬದನೆ ಎಲೆಯ ಮೇಲೆ ಜರಡಿಯಲ್ಲಿ ಉದುರಿಸಿದರೆ ಹೇನು ಬೀಳುವುದಿಲ್ಲ. ಆರಿದ ಮೇಲೆ ಹಾಕಿದರೆ ಗಾಳಿಗೆ ಹೋಗುತ್ತದೆ, ನಿಮ್ಮ ಮೂಗಿಗೇ ಬರುತ್ತದೆ.

ಇದೆಲ್ಲದರ ನಡುವೆ ಒಂದು ತಗಡಿನ ಬಕೆಟ್ಟು. ಅದು ಅವ್ವನ ತವರಿನ ಬಾವಿಯ ಬಕೆಟ್ಟು, ತಳ ತೂತಾಗಿ ಸೇದುವುದಕ್ಕೆ ಬಾರದಾದಾಗ ನಮ್ಮಜ್ಜಿ ಮೂಲೆಗೆ ಎಸೆದದ್ದು. ಅದರಲ್ಲಿ ಕರಿಬೇವು. ಅದೂ ತವರಿನದೇ. ಕರಿಬೇವಿನ ವಿಷಯದಲ್ಲಿ ನಮ್ಮವರಲ್ಲಿ ಒಂದು ನಡೆ ಇತ್ತು. ಕೇಳಿ ತಂದ ಮರಿ ಹತ್ತುವುದಿಲ್ಲ, ಕೈಯೆತ್ತಿ ಕೊಟ್ಟರೂ ಹತ್ತುವುದಿಲ್ಲ, ಕದ್ದೇ ತರಬೇಕು. ಕೊಡುವ ಮನಸ್ಸಿದ್ದವರು ಆ ಹೊತ್ತಿಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಬಾಯಿ ಬಿಟ್ಟು ಏನೂ ಹೇಳುವಂತಿಲ್ಲ. ಅವ್ವ ಕದ್ದಾಗ ನಮ್ಮಜ್ಜಿ ಬೆನ್ನು ಮಾಡಿಕೊಂಡು ಮೊರದಲ್ಲಿ ಹುರುಳಿ ಕೇರುತ್ತಿದ್ದಳಂತೆ, ಮೊರದಲ್ಲಿ ಹುರುಳಿಯೇ ಇರಲಿಲ್ಲವಂತೆ. ಅದಾಗಿ ಸ್ವಲ್ಪ ದಿನಕ್ಕೆ ಅಜ್ಜಿ ಸತ್ತಳು. ಮಾವಂದಿರು ಭಾಗವಾದರು, ಬಾವಿ ಮುಚ್ಚಿದರು, ಹಿತ್ತಲಲ್ಲಿ ಗೋಡೆ ಎದ್ದಿತು. ತವರು ಅಂತ ಅವ್ವನಿಗೆ ಉಳಿದದ್ದು ಆ ತೂತು ಬಕೆಟ್ಟು, ಅದರೊಳಗಿನ ಗಿಡ. ಅವಳು ಹಾಗೆಲ್ಲ ಬಾಯಿಬಿಟ್ಟು ಹೇಳುವವಳಲ್ಲ. ವಾರದಲ್ಲಿ ಉಳಿದ ಹುಳಿ ಮಜ್ಜಿಗೆಯನ್ನು ನಮಗೆ ಅಂಬಲಿಗೂ ಕೊಡದೆ ನೀರು ಬೆರೆಸಿ ಅದರ ಬುಡಕ್ಕೆ ಹೊಯ್ಯುತ್ತಿದ್ದಳು, ಅಷ್ಟರಲ್ಲಿ ತಿಳಿದುಕೊಳ್ಳಬೇಕು.

ತೂತು ಪಾತ್ರೆಯಲ್ಲಿ ಗಿಡ ಇಟ್ಟವರು ಒಂದು ಮಾತು ಮರೆಯಬಾರದು. ನೀರು ಹೋಗುವ ತೂತಿನಲ್ಲಿ ಬೇರೂ ಹೋಗುತ್ತದೆ. ಅದಕ್ಕೆ ಶುಕ್ರವಾರ ಶುಕ್ರವಾರ ಅವ್ವ ಒಂದೊಂದೇ ಡಬ್ಬವನ್ನು ಎತ್ತಿ, ತಿರುಗಿಸಿ, ತಳದಲ್ಲಿ ಬಿಳಿ ಬೇರು ಇಣುಕಿದ್ದರೆ ಉಗುರಲ್ಲಿ ಚಿವುಟಿ, ಮತ್ತೆ ಕಲ್ಲಿನ ಮೇಲೆ ಇಡುತ್ತಿದ್ದಳು. ಬೇರಿಗೆ ನೆಲದ ರುಚಿ ಹತ್ತಬಾರದು ಅನ್ನುತ್ತಿದ್ದಳು. ಹಳೇಬೀಡಿನ ಹಿತ್ತಲಲ್ಲಿ ಕಲ್ಲಿಗೆ ಬರವಿರಲಿಲ್ಲ. ಬಕೆಟ್ಟು ಕೂರುತ್ತಿದ್ದ ಚಪ್ಪಡಿಯ ಒಂದು ಮಗ್ಗುಲಲ್ಲಿ ಹಾಳು ಗುಡಿಯ ಕೆತ್ತನೆಯ ಅರ್ಧ ಆನೆ ಇತ್ತು, ಮಿಕ್ಕರ್ಧ ಯಾರ ಮನೆಯ ಬಟ್ಟೆ ಒಗೆಯುವ ಕಲ್ಲಾಗಿತ್ತೋ.

ಆ ಮನೆ ಬಸ್ತಿಹಳ್ಳಿ ದಾರಿಯಲ್ಲಿತ್ತು. ಮನೆಯೊಡತಿ ಸಾಕಮ್ಮ, ಗಂಡ ಸತ್ತವಳು, ಪಕ್ಕದ ಮನೆಯಲ್ಲೇ ಒಂದು ಎಮ್ಮೆ ಕಟ್ಟಿಕೊಂಡು ಇದ್ದಳು. ಬಾಯಿ ಅಂದರೆ ಬಾಯಿ. ನಮ್ಮವ್ವನಿಗೂ ಅವಳಿಗೂ ದಿನ ಬೆಳಗಾದರೆ ಬಚ್ಚಲ ನೀರು ಯಾವ ಕಡೆ ಹರಿಯಬೇಕು ಅಂತ ಮಾತು. ಹಾಗಿದ್ದರೂ ಒಗ್ಗರಣೆ ಹೊತ್ತಿಗೆ ಸಾಕಮ್ಮ ಸೀದಾ ಹಿತ್ತಲಿಗೆ ಬಂದು ಒಂದು ಎಸಳು ಕರಿಬೇವು ಮುರಿದುಕೊಂಡು ಹೋಗುತ್ತಿದ್ದಳು. ಕೇಳುತ್ತಿರಲಿಲ್ಲ. ಅವ್ವನೂ ಕೇಳಲಿ ಅಂತ ಕಾಯುತ್ತಿರಲಿಲ್ಲ. ಈ ಡಬ್ಬ ಡಕೋಟಗಳನ್ನೆಲ್ಲ ನೋಡಿ ಸಾಕಮ್ಮ, ಮೇಷ್ಟ್ರಮ್ಮ ಗುಜರಿ ಅಂಗಡಿಗೆ ನೀರು ಹಾಕ್ತಾವ್ರೆ ಅಂತ ಬೀದಿಯವರಿಗೆಲ್ಲ ಹೇಳಿ ನಗುತ್ತಿದ್ದಳು.

ಅರವತ್ತನೇ ಇಸವಿಯ ಆಸುಪಾಸು ಇರಬೇಕು, ಅವ್ವನಿಗೆ ನನ್ನ ತಂಗಿ ಹುಟ್ಟಿದಳು. ಬಾಣಂತನ ಮಾಡುವುದಕ್ಕೆ ತವರಿಲ್ಲ. ನನ್ನನ್ನು ಮೂರನೇ ಕ್ಲಾಸಿನಿಂದ ಬಿಡಿಸಿ ಮನೆಯಲ್ಲಿ ಕೂರಿಸಿದರು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ಅಪ್ಪ, ಬೇಸಿಗೆ ಕಳೆದ ಮೇಲೆ ಕಳಿಸೋಣ ಅಂದ. ಬೇಸಿಗೆ ಕಳೆಯಿತು, ಕಳಿಸಲಿಲ್ಲ. ಅದು ಬೇರೆ ಮಾತು. ಅವ್ವ ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು, ಹಿತ್ತಲಿಗೆ ಇಳಿಯುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ, ಹಸಿರು ಗಿಡ ಮುಟ್ಟುವಂತಿಲ್ಲ. ಗಿಡಗಳಿಗೆ ನೀರು ಹಾಕುವುದು ಅಪ್ಪನ ಕೆಲಸವಾಯಿತು. ಅಪ್ಪ ಅದನ್ನು ಹಾಜರಿ ಕೂಗುವಷ್ಟು ಶ್ರದ್ಧೆಯಿಂದ ಮಾಡಿದ. ಆದರೆ ಎತ್ತಿ ತಿರುಗಿಸುವುದು ಅವನಿಗೆ ಗೊತ್ತಿರಲಿಲ್ಲ, ಅವ್ವನೂ ಹೇಳಲು ಮರೆತಿದ್ದಳು. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ, ಕೆಳಗೆ ಕಲ್ಲಿತ್ತಲ್ಲ. ಆ ಸಲ ಬಿಸಿಲು ಜೋರು. ಚಪ್ಪಡಿ ಕಾದು ಕರಿಬೇವಿನ ಎಲೆ ಬಾಡುತ್ತಿತ್ತು. ಇವಳ ಗಿಡ ಸತ್ತರೆ ಇವಳ ಮುಖ ಹೇಗೆ ನೋಡಲಿ ಅಂತ ಅಪ್ಪ ಆ ಬಕೆಟ್ಟನ್ನು ಕಷ್ಟಪಟ್ಟು ಎತ್ತಿ ತಂದು, ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ, ಗೋಡೆ ನೆರಳಲ್ಲಿ, ತಣ್ಣಗಿನ ಮಣ್ಣಿನ ಮೇಲೆ ಇಟ್ಟ. ಒಳ್ಳೆಯ ಮನಸ್ಸಿಂದಲೇ ಇಟ್ಟ. ಗಿಡ ಚಿಗುರಿತು. ಹಿಂದೆಂದೂ ಹಾಗೆ ಚಿಗುರಿರಲಿಲ್ಲ.

ಮಗುವಿಗೆ ಮೂರು ತಿಂಗಳು ತುಂಬಿ ಅವ್ವ ಮೊದಲ ಸಲ ಹಿತ್ತಲಿಗೆ ಇಳಿದ ದಿನ ನಾನು ಅವಳ ಜೊತೆ ಇದ್ದೆ. ಕಡುಹಸಿರು ಎಲೆ, ಗೋಡೆಯ ಎತ್ತರ ಆಗಿತ್ತು ಗಿಡ. ಅವ್ವ ಬುಡದಿಂದ ತುದಿಯವರೆಗೆ ನೋಡಿದಳು. ಬಗ್ಗಿ ಬಕೆಟ್ಟಿನ ಕಂಠ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು, ಬಿಟ್ಟಳು. ಅಪ್ಪ ಸ್ಕೂಲಿನಿಂದ ಬಂದಾಗ, ಪರವಾಗಿಲ್ಲ, ಚೆನ್ನಾಗಿ ನೋಡ್ಕಂಡಿದ್ದೀರಿ ಅಂದಳು. ಅಪ್ಪನಿಗೆ ಇನ್ಸ್‌ಪೆಕ್ಟರು ಬೆನ್ನು ತಟ್ಟಿದಷ್ಟು ಖುಷಿ. ಮುಂದಿನ ಶುಕ್ರವಾರದಿಂದ ಅವ್ವ ಉಳಿದ ಡಬ್ಬಗಳನ್ನೆಲ್ಲ ತಿರುಗಿಸಿದಳು. ಆ ಬಕೆಟ್ಟನ್ನು ಮುಟ್ಟಲಿಲ್ಲ. ಹೆತ್ತ ಮೈ, ಭಾರ ಎತ್ತಬಾರದು, ಅದಕ್ಕೆ ಇರಬೇಕು ಅಂತ ನಾನು ತಿಳಿದುಕೊಂಡೆ.

ತಂಗಿ ಓಡಾಡಿಕೊಂಡಿದ್ದ ಒಂದು ಬೇಸಿಗೆಯಲ್ಲಿ ಅರಸೀಕೆರೆಗೆ ವರ್ಗ ಬಂತು. ಎರಡು ಎತ್ತಿನ ಗಾಡಿ ಗೊತ್ತು ಮಾಡಿದರು. ಒಂದಕ್ಕೆ ಪಾತ್ರೆ ಪಗಡೆ, ಒಂದಕ್ಕೆ ಅವ್ವನ ಹಿತ್ತಲು. ಡಬ್ಬಗಳನ್ನೆಲ್ಲ ಹುಲ್ಲಿನ ಮೇಲೆ ಒತ್ತೊತ್ತಾಗಿ ಇಟ್ಟು, ಕೊಡೆ ಕಡ್ಡಿಗಳನ್ನು ಕಟ್ಟಿ, ಸ್ಲೇಟುಗಳನ್ನು ಗೋಣಿಗೆ ತುಂಬಿದ್ದಾಯಿತು. ಕಡೆಗೆ ಗಾಡಿಯವನು ಬಕೆಟ್ಟಿಗೆ ಕೈ ಹಾಕಿದ. ಬರಲಿಲ್ಲ. ಅಪ್ಪ ಇನ್ನೊಂದು ಕಡೆ ಹಿಡಿದ, ಬರಲಿಲ್ಲ. ಹಾರೆ ತಂದು ತಳಕ್ಕೆ ಕೊಟ್ಟು ಮೀಟಿದರೆ ಬಕೆಟ್ಟು ಒಂದು ಬೆರಳು ಎದ್ದು ನಿಂತಿತು. ಕೆಳಗೆ ನೋಡಿದರೆ ತೂತನ್ನೆಲ್ಲ ಹರಿದುಕೊಂಡು ನನ್ನ ಮುಂಗೈ ದಪ್ಪದ ಬೇರು ನೆಲದೊಳಕ್ಕೆ ಇಳಿದಿತ್ತು. ಅಪ್ಪ ಹಾರೆ ಕೆಳಗಿಟ್ಟ. ಎರಡು ವರ್ಷದ ಹಿಂದೆ ತಾನೇ ತಂದು ಇಟ್ಟದ್ದು ಅವನಿಗೆ ಆಗ ನೆನಪಾಗಿರಬೇಕು.

ಅಷ್ಟರಲ್ಲಿ ಸಾಕಮ್ಮ ಬಂದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ನೋಡಿ, "ನೆಲಕ್ಕೆ ಇಳಿದ ಮ್ಯಾಲೆ ಅದು ನೆಲದೋರ್ದು ಕಣ್ ಮೇಷ್ಟ್ರಮ್ಮ. ನಾ ಮಾಡಿದ್ದಲ್ಲ, ಊರ ರಿವಾಜು," ಅಂದಳು.

ಬೇಲೂರಿನ ನಿಂಬೆ ಗಿಡದ ಮಾತೇ ಮತ್ತೆ. ಅವ್ವ ಅವಳ ಕಡೆ ತಿರುಗಲೂ ಇಲ್ಲ. ಅಪ್ಪ ಗಾಡಿಯವನ ಮಚ್ಚು ಇಸಿದುಕೊಂಡು, ಕೆಳಗೆ ಒಂದು ಏಟು ಹಾಕಿದರೆ ಬರುತ್ತೆ ಕಣೇ ಅಂದ.

"ಬರ್ತೈತೆ. ಬದುಕಾಕಿಲ್ಲ," ಅಂದಳು ಅವ್ವ.

ಅಪ್ಪ ಮಚ್ಚು ಹಿಡಿದುಕೊಂಡೇ ನಿಂತಿದ್ದ. ತಪ್ಪು ನನ್ನದು, ನಾನೇ ಕಲ್ಲಿನಿಂದ ಇಳಿಸಿದ್ದು, ನೀನಾದರೂ ಆಮೇಲೆ ನೋಡಬಾರದಿತ್ತಾ ಅಂತ ಏನೇನೋ ಹೇಳಿದ. ಅವ್ವ ಕೂತು ಬೇರಿನ ಮೇಲಿನ ಮಣ್ಣು ಒರೆಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ನೋಡಿದ್ದೆ. ಬಾಣಂತನ ಮುಗಿಸಿ ಬಂದ ದಿನವೇ ಗೊತ್ತಾಯ್ತು. ಆಗ ಇನ್ನೂ ಎಳೇದಿತ್ತು, ಚಿವುಟಿದ್ರೆ ಬರ್ತಿತ್ತು. ಒಂದಾದ್ರೂ ನೆಲ ಕಾಣ್ಲಿ ಅಂತ ಬಿಟ್ಟೆ."

ಅಪ್ಪ ಮಚ್ಚನ್ನು ಗಾಡಿಯವನಿಗೆ ವಾಪಸು ಕೊಟ್ಟ. ಆಮೇಲೆ ಅವ್ವ ಎದ್ದು, ಗಾಡಿಯವನಿಗೆ ಬಕೆಟ್ಟನ್ನು ಸೀಳಪ್ಪ ಅಂದಳು. ಗಿಡ ಇಲ್ಲೇ ಇರುವುದಾದರೆ ಆ ತಗಡು ಕತ್ತು ಹಿಸುಕುತ್ತದೆ, ಬಿಡಿಸಬೇಕು. ತುಕ್ಕು ಹಿಡಿದ ತಗಡು ಮಚ್ಚಿನ ಏಟಿಗೆ ಚರ್ರನೆ ಬಿಚ್ಚಿಕೊಂಡಿತು. ಒಳಗೆ ಬಕೆಟ್ಟಿನ ಆಕಾರಕ್ಕೇ ಸುತ್ತಿಕೊಂಡ ಬೇರಿನ ಗಂಟು, ನಡುವೆ ಕೊಳೆತ ನಾರು. ಅವ್ವ ಸುತ್ತಿದ ಬೇರುಗಳನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹರಡಿದಳು, ಮೇಲೆ ಮಣ್ಣು ಏರಿಸಿ ತುಳಿದಳು. ಸೀಳಿದ ಬಕೆಟ್ಟನ್ನು ಎತ್ತಿ ಗಾಡಿಗೆ ಹಾಕಿದಳು.

"ಅದನ್ಯಾಕೆ ಹೊತ್ಕಂಡೋಗ್ತೀರಾ, ನೀರ್ ಸೇದಾಕಾ?" ಸಾಕಮ್ಮ ಕೇಳಿದಳು.

"ನೆಲ ನಿಮ್ದು, ಗಿಡ ನಿಮ್ದು. ಬಕೀಟು ನಮ್ಮವ್ವನ ಬಾವೀದು. ನೀರು ನಿಲ್ಲದಿದ್ರೂ ಇಷ್ಟು ವರ್ಸ ನಿಮ್ಮನೆ ಸಾರಿಗೆ ಒಗ್ಗರಣೆ ನಿಂತಿತ್ತಲ್ಲ ಅದ್ರಲ್ಲಿ."

ಸಾಕಮ್ಮ ಗಿಡ ನೋಡಿದಳು, ಅವ್ವನ ಕೆಸರು ಕೈ ನೋಡಿದಳು. ಬಚ್ಚಲ ಕಾಲುವೆಯ ಅಂಚಿನಲ್ಲಿ, ಬೇರು ಹರಿದು ಹೋದ ಕಡೆ, ಒಂದು ಗೇಣು ಎತ್ತರದ ಮರಿ ಎದ್ದಿತ್ತು. ಅದನ್ನೂ ನೋಡಿದಳು. ಆಮೇಲೆ, "ನಮ್ಮ ಎಮ್ಮೆ ಎತ್ಲಾಗ್ ಹೋಯ್ತೋ ಏನೋ, ನೋಡ್ಕ ಬತ್ತೀನಿ," ಅಂದಳು. ಎಮ್ಮೆ ನಮ್ಮೆಲ್ಲರ ಕಣ್ಣೆದುರಿಗೇ ಗೂಟದಲ್ಲಿ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿತ್ತು. ಸಾಕಮ್ಮ ಗೋಡೆಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ, ಕೆರೆಯ ಕಡೆ ಮುಖ ಹಾಕಿ, ಬಾ ಬಾ ಅಂತ ಕರೆಯುತ್ತಾ ನಿಂತಳು. ಗಾಡಿಯವನು ನಗುವುದಕ್ಕೆ ಹೋದ, ಅಪ್ಪ ಕಣ್ಣಲ್ಲೇ ತಡೆದ. ಅವ್ವ ಮರಿಯನ್ನು ಅದರ ಬೇರಿನ ತುಂಡಿನ ಸಮೇತ ಬಗೆದು, ಒದ್ದೆ ನಾರಿನಲ್ಲಿ ಸುತ್ತಿ, ಬಾಳೆಯ ಪಟ್ಟೆಯಲ್ಲಿ ಕಟ್ಟಿ, ಸೆರಗಿನ ಒಳಗೆ ಇಟ್ಟುಕೊಂಡು ಗಾಡಿ ಹತ್ತಿದಳು. ಹೋಗಿ ಬರುತ್ತೇವೆ ಅಂತಲೂ ಹೇಳಲಿಲ್ಲ, ಹೇಳಿದರೆ ಕೇಳಿ ತಂದ ಹಾಗಾಗುತ್ತದೆ. ಗಾಡಿ ತಿರುವು ದಾಟುವವರೆಗೂ ಸಾಕಮ್ಮ ಕಳೆದೇ ಹೋಗದ ಎಮ್ಮೆಯನ್ನು ಕೂಗುತ್ತಲೇ ಇದ್ದಳು.

ಅರಸೀಕೆರೆಯಲ್ಲೂ ಬಾಡಿಗೆ ಮನೆಯೇ. ರೈಲು ಸದ್ದಿಗೆ ಪಾತ್ರೆ ಅಲ್ಲಾಡುವ ಮನೆ. ಅವ್ವ ಇಳಿದವಳೇ ಒಲೆ ಹಚ್ಚುವ ಮೊದಲು ಹಿತ್ತಲಿಗೆ ಹೋಗಿ ಆ ಮರಿಯನ್ನು ನೆಲಕ್ಕೆ ಹಾಕಿದಳು. ಡಬ್ಬ ತರಲು ಓಡಿದ ನನಗೆ ಬೇಡ ಅಂದಳು. ಲಾಟೀನಿನ ಗಾಜು ಬೋರಲು ಹಾಕಿ, ಸೀಳಿದ ಬಕೆಟ್ಟನ್ನು ಸುತ್ತ ಬೇಲಿಯ ಹಾಗೆ ನಿಲ್ಲಿಸಿದಳು. ಆ ಮನೆ ಬಿಟ್ಟಾಗ ಗಿಡ ಬಿಟ್ಟಳು, ಒಂದು ಮರಿ ಕದ್ದಳು. ಮುಂದಿನ ಮನೆಯಲ್ಲೂ ಹಾಗೆಯೇ. ಅಪ್ಪ ಪೆನ್ಷನ್ ಆಗುವ ಹೊತ್ತಿಗೆ ಆ ಸೀಮೆಯ ಎಷ್ಟೋ ಹಿತ್ತಲಲ್ಲಿ ನಮ್ಮಜ್ಜಿಯ ಕರಿಬೇವು ನಿಂತಿತ್ತು. ತಿನ್ನುವವರಿಗೆ ಅದು ಯಾರದೆಂದು ಗೊತ್ತಿರಲಿಲ್ಲ. ಗೊತ್ತಾಗಿ ಆಗಬೇಕಾದದ್ದು ಏನು?

ನಾನು ಮದುವೆಯಾಗಿ ಹೊರಟ ಬೆಳಿಗ್ಗೆ ಅವ್ವ ಅಳಲಿಲ್ಲ, ಬುದ್ಧಿ ಹೇಳಲಿಲ್ಲ. ಮಡಿಲು ತುಂಬಿದ ಮೇಲೆ, ಬದನೆ ಗಿಡಕ್ಕೆ ಬೂದಿ ಹಾಕಿಲ್ಲ ಅಂತ ಜರಡಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದೆ. ಅವಳು ನನಗೆ ಬೆನ್ನು ಮಾಡಿ ನಿಂತು ಜರಡಿ ಅಲ್ಲಾಡಿಸುತ್ತಿದ್ದಳು. ಬಿಸಿಲೇರಿ ಇಬ್ಬನಿ ಎಂದೋ ಆರಿತ್ತು, ಜರಡಿಯಲ್ಲಿ ಬೂದಿಯೂ ಇರಲಿಲ್ಲ. ನಾನು ಧಾರೆ ಸೀರೆಯಲ್ಲೇ ಕೂತು ಮಣ್ಣು ಬಗೆದೆ.

ಆ ಮರಿ ಹತ್ತಲಿಲ್ಲ ಅಂತ ಹೇಳಬೇಕು. ಗಂಡನ ಮನೆಯಲ್ಲಿ ಯಾರೋ ಬಿಸಿ ಗಂಜಿ ಚೆಲ್ಲಿದರು. ಮುಂದಿನ ಸಲ ಹೋದಾಗ ಅವ್ವ ಮತ್ತೆ ಬೆನ್ನು ತಿರುಗಿಸಿದಳು, ಅದು ಹತ್ತಿತು, ಈಗ ನಮ್ಮ ಹಿತ್ತಲಲ್ಲಿರುವುದು ಅದೇ. ಹಳೇಬೀಡಿನ ಮನೆ ಬಿದ್ದು ಅಲ್ಲಿ ಅಂಗಡಿ ಸಾಲು ಎದ್ದಿದೆ ಅಂತ ಕೇಳಿದ್ದೇನೆ, ಹೋಗಿ ನೋಡಿಲ್ಲ. ಅಪ್ಪ ಹೋದ, ಅವ್ವ ಹೋದಳು, ಸಾಕಮ್ಮ ಎಂದೋ ಹೋಗಿರುತ್ತಾಳೆ. ಅವ್ವನದೊಂದು ಫೋಟೋ ಇಲ್ಲ. ಮುಖ ನೆನಪು ಮಾಡಿಕೊಳ್ಳಲು ಹೋದರೆ ಈಗೀಗ ಮಸುಕಾಗುತ್ತದೆ. ಬೆನ್ನು ಮಾತ್ರ ಹಾಗೆಯೇ ಇದೆ. ರವಿಕೆಯ ಹೊಲಿಗೆ ಬಿಟ್ಟ ಜಾಗ, ಕುತ್ತಿಗೆಯ ಬೆವರಿಗೆ ಅಂಟಿದ ಕೂದಲು, ಖಾಲಿ ಜರಡಿಗೆ ಅಲ್ಲಾಡುವ ಹೆಗಲು.

ಮೊಮ್ಮಗಳು ನೆನೆದ ನಾರನ್ನು ಕೈಯಲ್ಲಿ ಹಿಂಡುತ್ತಾ, ಮರಿ ಕೊಡ್ತೀರೋ ಇಲ್ಲವೋ ಹೇಳಿ ಅಜ್ಜಿ ಅಂತ ಇನ್ನೊಂದು ಸಲ ಕೇಳಿದಳು. ಕೊಡುವುದಿಲ್ಲ ಅಂದೆ. ಅವಳ ಮುಖ ಸಣ್ಣಗಾಯಿತು. ಮಣ್ಣು ಕೆದಕುವ ಕುರ್ಪಿ ಬಚ್ಚಲ ಗೂಡಿನಲ್ಲಿದೆ ಅಂತ ಗಾಳಿಗೆ ಹೇಳಿದ ಹಾಗೆ ಹೇಳಿ, ಒಣಗಿದ ಬಟ್ಟೆ ತೆಗೆಯುವುದಕ್ಕೆ ಹೋದೆ. ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ನಾನು ಅದಕ್ಕೇ ಮುಖ ಮಾಡಿ, ಹಿಂದೆ ಮಣ್ಣು ಬಗೆಯುವ ಸದ್ದು ನಿಲ್ಲುವವರೆಗೂ ನಿಂತಿದ್ದೆ.